ಪಟ್ಟೆ ಗೋಪುರದಲ್ಲಿ ದೀಪ ಎಲ್ಲಿದೆ?

ಸುಮಾ: (ಫಾರ್ವರ್ಡ್) "ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಗ್ರಿಬ್ಬಿನ್ ದೀಪಸ್ತಂಭ! 1832ರಿಂದ ಇಂದಿನವರೆಗೂ ರಾತ್ರಿಯಿಡೀ ಹಡಗುಗಳಿಗೆ ದಾರಿ ತೋರಿಸುತ್ತಿದೆ. ಸಂಜೆ ಹೋಗಿ, ದೀಪ ಹೊತ್ತುವ ಕ್ಷಣ ತಪ್ಪಿಸಿಕೊಳ್ಳಬೇಡಿ. ಫೋಯ್ ಊರಿಂದ ಬೀಚ್ ಮೇಲೇ ಅರ್ಧ ಗಂಟೆ ನಡಿಗೆ."

ಪ್ರಕಾಶ: ಸುಮಾ, ಇದರಲ್ಲಿ ಸರಿ ಇರೋದು ಇಸವಿ ಒಂದೇ 😀

ಸುಮಾ: ಕೆಂಪು ಬಿಳಿ ಪಟ್ಟೆ, ಎತ್ತರದ ಗೋಪುರ, ಗುಡ್ಡದ ತುದಿ. ಲೈಟ್‌ಹೌಸ್ ಅಲ್ದೆ ಇನ್ನೇನು?

ಪ್ರಕಾಶ: ಡೇಮಾರ್ಕ್. ಹಗಲು ಗುರುತು. ದೀಪಾನೇ ಇಲ್ಲ. ಇಂಗ್ಲೆಂಡಿನ ದೀಪಸ್ತಂಭಗಳನ್ನ ನೋಡ್ಕೊಳ್ಳೋ ಸಂಸ್ಥೆ ಟ್ರಿನಿಟಿ ಹೌಸ್ ಕಟ್ಟಿಸಿದ್ದು, 84 ಅಡಿ, ಚೌಕ ಗೋಪುರ. ಜಾಗ ಕೊಟ್ಟವನು ಮೆನಬಿಲ್ಲಿಯ ಜಮೀನ್ದಾರ ವಿಲಿಯಂ ರಾಶ್‌ಲೀ. ಸಂಜೆ ದೀಪ ನೋಡೋಕೆ ಹೋದವರು ಕತ್ತಲಲ್ಲಿ ಕಡಿದಾದ ದಾರಿ ಇಳೀಬೇಕು, ಅಷ್ಟೇ ಲಾಭ.

ನಾಗೇಶ: ದೀಪ ಇಲ್ಲದ ಗೋಪುರ ಯಾಕೆ ಕಟ್ಟಿದ್ರು? ದುಡ್ಡು ದಂಡ.

ಶೈಲಜಾ: ದಂಡ ಅಲ್ಲ ನಾಗೇಶ. ಸಮುದ್ರದಿಂದ ನೋಡಿದ್ರೆ ಆ ಕರಾವಳಿಯ ಭೂಶಿರಗಳೆಲ್ಲ ಒಂದೇ ಥರ. ಗ್ರಿಬ್ಬಿನ್, ಪಶ್ಚಿಮಕ್ಕೆ ಡಾಡ್‌ಮನ್, ಇನ್ನೂ ಆಚೆ ಫಾಲ್‌ಮತ್ ಬಾಯಲ್ಲಿ ಸೇಂಟ್ ಆಂಟನಿ. ಗ್ರಿಬ್ಬಿನ್‌ನ ಪೂರ್ವಕ್ಕೆ ಫೋಯ್ ನದಿಯ ಅಳಿವೆ, ಪಶ್ಚಿಮಕ್ಕೆ ಸೇಂಟ್ ಆಸ್ಟೆಲ್ ಕೊಲ್ಲಿ. ಯಾವ ಭೂಶಿರ ಅಂತ ತಪ್ಪು ತಿಳಿದ್ರೆ ಬಂದರಿನ ಬಾಯಿಗೆ ಬದಲು ಬೇರೆ ಕೊಲ್ಲಿಗೆ ನುಗ್ತೀಯ. ಆ ಗೋಪುರದ ಕೆಲಸ ಒಂದೇ, "ಇದು ಗ್ರಿಬ್ಬಿನ್" ಅಂತ ಹೇಳೋದು.

ನಾಗೇಶ: ಹೇಳ್ತಂತೆ. ಅದರ ಬುಡದಲ್ಲೇ, ಪೋಲ್‌ರಿಡ್‌ಮೌತ್ ಬೀಚ್ ಹತ್ರ, 1930ರಲ್ಲಿ ರೋಮನಿ ಅನ್ನೋ ಹಡಗು ಬಂಡೆಗೆ ಬಡಿದು ಒಡೀತು. ಅವಶೇಷ ಇಳಿತದಲ್ಲಿ ಇವತ್ತೂ ಕಾಣುತ್ತೆ. ಗೋಪುರ ಏನ್ ಮಾಡ್ತಿತ್ತು?

ಪ್ರಕಾಶ: ಗುರುತು ಜಾಗ ಹೇಳುತ್ತೆ ಮಾರಾಯ, ಹಡಗನ್ನ ಹಿಡ್ಕೊಳಲ್ಲ. ರಾತ್ರಿಯಲ್ಲೂ ಮಂಜಲ್ಲೂ ಅದು ಇಲ್ಲ ಅಂತಲೇ ಲೆಕ್ಕ. ಭೂಶಿರದ ಆಗ್ನೇಯಕ್ಕೆ ಕ್ಯಾನಿಸ್ ಅನ್ನೋ ಬಂಡೆ ಇದೆ, ಅದಕ್ಕೆ ಬೇರೆ ಬೋಯ್ (ತೇಲೋ ಗುರುತು) ಇಟ್ಟಿದಾರೆ. ದಕ್ಷಿಣ ಕಾರ್ಡಿನಲ್, ಅಂದ್ರೆ ಅಪಾಯದ ದಕ್ಷಿಣಕ್ಕೆ ಇಡೋ ದಿಕ್ಕಿನ ಗುರುತು: ಮೇಲೆ ಹಳದಿ, ಕೆಳಗೆ ಕಪ್ಪು, ತಲೆ ಮೇಲೆ ತುದಿ ಕೆಳಗಾದ ಎರಡು ಶಂಕು. ರಾತ್ರಿ ಆರು ಬೇಗ ಮಿಂಚು, ಆಮೇಲೆ ಒಂದು ಉದ್ದ ಮಿಂಚು. ಅದರ ದಕ್ಷಿಣಕ್ಕೇ ಹೋಗ್ಬೇಕು. ಫಾರ್ವರ್ಡ್ ಬರೆದವರು ಗೋಪುರದ ತಲೆ ಮೇಲೆ ಇಟ್ಟ ದೀಪ ನಿಜವಾಗಿ ಇರೋದು ಈ ಬೋಯ್ ಮೇಲೆ, ಮತ್ತೆ ಫೋಯ್ ಬಾಯಲ್ಲಿ ಸೇಂಟ್ ಕ್ಯಾಥರಿನ್ ಪಾಯಿಂಟಿನ ಪುಟ್ಟ ದೀಪದಲ್ಲಿ.

ಸುಮಾ: ಸರಿ, ದೀಪ ಬಿಟ್ಟೆ. ಎಷ್ಟು ದೂರದಿಂದ ಕಾಣುತ್ತೆ? ಬೇರೆ ಗುಂಪಲ್ಲಿ 25 ಮೈಲಿ ಅಂದಿದಾರೆ.

ಶೈಲಜಾ: ಲೆಕ್ಕ ಹಾಕು. ಗುಡ್ಡ ಸೇರಿ ಗೋಪುರದ ತುದಿ ಸಮುದ್ರದಿಂದ ಸುಮಾರು 100 ಮೀ. ವರ್ಗಮೂಲ 10, ಅದನ್ನ ನಾವಿಕರ ಸೂತ್ರದ 2.08ರಿಂದ ಗುಣಿಸಿದ್ರೆ 20.8 ನಾಟಿಕಲ್ ಮೈಲಿ (ಸಮುದ್ರದ ಮೈಲಿ, ಸುಮಾರು 1.85 ಕಿ.ಮೀ.). ನೋಡೋನ ಕಣ್ಣು ನೀರಿಂದ 4 ಮೀ. ಮೇಲಿದ್ರೆ ಇನ್ನೊಂದು 4.2. ಒಟ್ಟು 25. ಆದ್ರೆ ಇದು ಭೂಮಿಯ ಉಬ್ಬು ಅಡ್ಡ ಬರದಿರೋ ದೂರ ಮಾತ್ರ, ಕಣ್ಣಿಗೆ ಗುರುತು ಸಿಗೋ ದೂರ ಅಲ್ಲ. ಒಳ್ಳೆ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಬೇರ್ಪಡಿಸುತ್ತೆ. ಪಟ್ಟೆ 3 ಮೀ. ದಪ್ಪ ಅಂದ್ಕೊಂಡ್ರೂ 10 ಕಿ.ಮೀ., ಅಂದ್ರೆ ಐದೂವರೆ ನಾಟಿಕಲ್ ಮೈಲಿ ದಾಟಿದ್ರೆ ಕೆಂಪು ಬಿಳಿ ಕಲಸಿಹೋಗುತ್ತೆ. ಆಚೆಗೆ ಬರೀ ಮಸುಕು ಕಡ್ಡಿ. ಏಳು ಪಟ್ಟು ದೊಡ್ಡದಾಗಿ ತೋರಿಸೋ 7x50 ಬೈನಾಕ್ಯುಲರ್ ಇದ್ರೆ ಕಥೆ ಬೇರೆ.

ನಾಗೇಶ: ಜಿಪಿಎಸ್ ಬಂದ ಮೇಲೆ ಇದೆಲ್ಲ ಪ್ರವಾಸಿಗರ ಫೋಟೋಗೆ.

ಪ್ರಕಾಶ: ಜಿಪಿಎಸ್ ಸರಿ ಹೇಳ್ತಿದೆಯಾ ಅಂತ ಯಾವುದರ ಜೊತೆ ತಾಳೆ ನೋಡ್ತೀಯ? ಚಾರ್ಟ್ (ಸಮುದ್ರದ ನಕ್ಷೆ) ಮೇಲಿರೋ, ಕಣ್ಣಿಗೂ ಕಾಣೋ, ಅಲುಗಾಡದ ವಸ್ತು ಬೇಕು. ಗ್ರಿಬ್ಬಿನ್ ಗೋಪುರಕ್ಕೆ ಒಂದು ಬೇರಿಂಗ್ (ದಿಕ್ಸೂಚಿಯಲ್ಲಿ ಅಳೆದ ದಿಕ್ಕು), ಡಾಡ್‌ಮನ್ ತುದಿಯ ಗ್ರಾನೈಟ್ ಶಿಲುಬೆಗೆ ಇನ್ನೊಂದು. ಅದೂ 1896ರಲ್ಲಿ ಸಮುದ್ರದ ಗುರುತಾಗಲಿ ಅಂತ ನಿಲ್ಲಿಸಿದ್ದೇ. ಆ ದಿಕ್ಕುಗಳಲ್ಲಿ ಚಾರ್ಟ್ ಮೇಲೆ ಎಳೆದ ಎರಡು ಗೆರೆ ಲಂಬಕ್ಕೆ ಹತ್ತಿರವಾಗಿ ಕೂಡಿದ್ರೆ ಜಾಗ ಖಚಿತ. ಕೋನ 30 ಡಿಗ್ರಿಗಿಂತ ಕಡಿಮೆ ಆದ್ರೆ ಬೇರಿಂಗಿನ ಸಣ್ಣ ತಪ್ಪೂ ದೊಡ್ಡದಾಗುತ್ತೆ. ಒಂದೇ ಗುರುತಿಂದ ಸಿಗೋದು ಗೆರೆ, ಜಾಗ ಅಲ್ಲ.

ಶೈಲಜಾ: ಇದರ ಉಲ್ಟಾನೂ ಅಲ್ಲೇ ಇದೆ. ಪೋಲ್‌ರಿಡ್‌ಮೌತ್ ಬೀಚಿನ ಹಿಂದಿನ ಕೆರೆಯನ್ನ ಎರಡನೇ ಮಹಾಯುದ್ಧದಲ್ಲಿ ದೀಪ ಇಟ್ಟು ಫೋಯ್ ಬಂದರಿನ ಥರ ಕಾಣೋ ಹಾಗೆ ಮಾಡಿದ್ರು, ಜರ್ಮನ್ ಬಾಂಬರುಗಳಿಗೆ ಮೋಸ ಮಾಡೋಕೆ. ಮೇಲೆ ನಿಜ ಹೇಳೋ ಗೋಪುರ, ಕೆಳಗೆ ಸುಳ್ಳು ಬಂದರು!

ಸುಮಾ: ನಡಿಗೆ ವಿಷಯಕ್ಕೆ ಬನ್ರಪ್ಪ. ಬೀಚ್ ಮೇಲೇ ಅರ್ಧ ಗಂಟೆನಾ?

ಪ್ರಕಾಶ: ಎರಡೂ ತಪ್ಪು. ಫೋಯ್‌ನಿಂದ ರೆಡಿಮನಿ ಕೋವ್, ಸೇಂಟ್ ಕ್ಯಾಥರಿನ್ ಕೋಟೆ, ಆಮೇಲೆ ದಡದ ಮೇಲಿನ ಹೊಲ, ಪೋಲ್‌ರಿಡ್‌ಮೌತ್‌ಗೆ ಇಳಿದು ಮತ್ತೆ ನೇರ ಏರು. 4–5 ಕಿ.ಮೀ., ಏರಿಳಿತ ಜಾಸ್ತಿ, ಒಂದೂವರೆ ಗಂಟೆ ಇಟ್ಕೊಳ್ಳಿ. ನಡೆಯೋಕೆ ಆಗದವರು ಮೆನಬಿಲ್ಲಿ ಪಾರ್ಕಿಂಗಲ್ಲಿ ಕಾರು ಬಿಟ್ಟು ಬೀಚಿಗೆ ಇಳಿದು ಹತ್ತಬಹುದು. ಕೊನೆಯ ಏರು ಮಾತ್ರ ತಪ್ಪಲ್ಲ. ಮಳೆ ಬಿದ್ದ ಮೇಲೆ ಆ ಹುಲ್ಲಿನ ಇಳಿಜಾರು ಜಾರುತ್ತೆ, ನುಣುಪು ಅಡಿಯ ಬೂಟು ಬೇಡ.

ನಾಗೇಶ: ಒಳಗೆ ಬಿಡ್ತಾರಾ?

ಪ್ರಕಾಶ: ಗೋಪುರ ನೋಡ್ಕೊಳ್ಳೋ ನ್ಯಾಷನಲ್ ಟ್ರಸ್ಟ್‌ನವರು ಬೇಸಿಗೆಯ ಕೆಲವು ಭಾನುವಾರ ಮಾತ್ರ ತೆಗೀತಾರೆ. 109 ಮೆಟ್ಟಿಲು. ಉಳಿದ ದಿನ ಬೀಗ. ಹೊರಡೋ ಮುಂಚೆ ಅವರ ವೆಬ್‌ಸೈಟ್ ನೋಡಿ.

ಶೈಲಜಾ: ಹಡಗಿನ ಅವಶೇಷ ನೋಡೋಕೆ ಬಂಡೆ ಮೇಲೆ ಹೋಗೋರು ಉಬ್ಬರದ ಪಟ್ಟಿ ನೋಡ್ಲೇಬೇಕು. ಪಟ್ಟಿ ಜಿಎಂಟಿಯಲ್ಲಿ (ಗ್ರೀನಿಚ್ ಸಮಯ) ಇದ್ರೆ, ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಮುಂದಿಡೋದ್ರಿಂದ, ಒಂದು ಗಂಟೆ ಕೂಡಿಸಿ, ಬಹಳ ಜನ ಎಡವೋದು ಇಲ್ಲೇ. ಇಳಿತ ಮುಗಿಯೋಕೆ ಒಂದು ಗಂಟೆ ಮುಂಚೆ ಹೋಗಿ, ನೀರು ತಿರುಗಿದ ತಕ್ಷಣ ವಾಪಸ್. ಮೊದಲ ಗಂಟೆ ಏರೋದು ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ, ಅದಕ್ಕೇ ಟೈಮ್ ಇದೆ ಅನ್ಸುತ್ತೆ. ಮೂರನೇ, ನಾಲ್ಕನೇ ಗಂಟೆ ಎರಡರಲ್ಲೇ ಒಟ್ಟು ಏರಿಕೆಯ ಅರ್ಧ ಆಗ್ಬಿಡುತ್ತೆ.

ಸುಮಾ: ತಿದ್ದಿ ಹಾಕ್ತೀನಿ: "ಹಗಲು ಗುರುತು, ದೀಪ ಇಲ್ಲ, ಬೆಳಿಗ್ಗೆ ಹೋಗಿ, ಗೋಪುರದ ತುದಿ ಸಮುದ್ರ ಮಟ್ಟದಿಂದ 100 ಮೀ." ಓಕೆನಾ?

ನಾಗೇಶ: ಯಾವ ಸಮುದ್ರ ಮಟ್ಟ? ನಡಿಗೆಯ ನಕ್ಷೆಯಲ್ಲಿ ಕಾರ್ನ್‌ವಾಲಿನ ನ್ಯೂಲಿನ್ ಬಂದರಿನ ಸರಾಸರಿ ಸಮುದ್ರ ಮಟ್ಟದಿಂದ ಅಳೀತಾರೆ, ಚಾರ್ಟಲ್ಲಿ ದೊಡ್ಡ ಉಬ್ಬರದ ಮಟ್ಟದಿಂದ. ಎರಡು ಮೀಟರ್ ವ್ಯತ್ಯಾಸ ಬರುತ್ತೆ.

ಸುಮಾ: "ಸುಮಾರು" ಸೇರಿಸ್ದೆ ನಾಗೇಶ. 🙏