ಕ್ಯಾಂಪ್‌ಗ್ರೌಂಡ್ ಬೆಂಕಿಗುಂಡಿ ಹೊಗೆ ಕಾರುತ್ತೆ: ತಪ್ಪು ಗುಂಡಿಯದೋ, ಸೌದೆಯದೋ?

ಬೂದಿಬಕೆಟ್:
ಸಾರ್ವಜನಿಕ ಕ್ಯಾಂಪ್‌ಗ್ರೌಂಡ್ ಅಂದ ತಕ್ಷಣ ಜನರ ದೂರೆಲ್ಲ ಪಕ್ಕದ ಟೆಂಟಿನವರ ಮೇಲೆ. ಗಲಾಟೆ, ಜನರೇಟರ್, ರಾತ್ರಿಯಿಡೀ ಉರಿಯೋ ಲೈಟು. ಅವೆಲ್ಲ ಇದ್ದದ್ದೇ. ಆದರೆ ಎಷ್ಟೋ ಕಿರಿಕಿರಿ ಜಾಗ ಕಟ್ಟುವಾಗಲೇ ಕಟ್ಟಿಟ್ಟದ್ದು. ಬೆಂಕಿಗುಂಡಿಯನ್ನೇ ನೋಡಿ: ಅರ್ಧ ಮೀಟರ್ ಎತ್ತರದ ಕಾಂಕ್ರೀಟ್ ರಿಂಗು, ಬುಡದಲ್ಲಿ ಒಂದೇ ಒಂದು ಗಾಳಿಕಿಂಡಿ ಇಲ್ಲ. ಬಾವಿಯೊಳಗೆ ಬೆಂಕಿ ಹಾಕಿದ ಹಾಗೆ. ಗಾಳಿ ಬುಡದಿಂದ ಬರದಿದ್ದರೆ ಕಾದ ಸೌದೆಯಿಂದ ಹೊರಟ ಅನಿಲ ಪೂರ್ತಿ ಉರಿಯದೆ ಹೊಗೆಯಾಗೇ ಮೇಲೇಳುತ್ತೆ. ಶಾಖವೂ ಗೋಡೆಯೊಳಗೇ ಉಳಿದು ನೆಟ್ಟಗೆ ಮೇಲಕ್ಕೆ ಹೋಗುತ್ತೆ. ಸುತ್ತ ಕೂತವರಿಗೆ ಮುಖಕ್ಕೆ ಹೊಗೆ, ಕಾಲಿಗೆ ಚಳಿ. ಒಳವ್ಯಾಸ 75ರಿಂದ 90 ಸೆಂ.ಮೀ., ಎತ್ತರ 25ರಿಂದ 30, ಬುಡದ ಸುತ್ತ ಹೆಬ್ಬೆರಳು ಸಲೀಸಾಗಿ ತೂರುವಷ್ಟು ಎಂಟು ತೂತು. ಇದಕ್ಕಿಂತ ದೊಡ್ಡ ವಿದ್ಯೆ ಏನೂ ಬೇಡ.

ಒಣಸೌದೆ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಸಿ ಸೌದೆ ತಂದು ಒಟ್ಟಿ ಗುಂಡಿಗೆ ಬೈದರೆ ಹೇಗೆ ಸ್ವಾಮಿ? ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಉರಿಯೋಕೆ ತೇವ ಶೇ. 20ರ ಕೆಳಗಿರಬೇಕು. ಆ ನೀರು ಆವಿಯಾಗೋವರೆಗೂ ಬೆಂಕಿಯ ಶಾಖ ಅದಕ್ಕೇ ಖರ್ಚು. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ ಅನ್ನುತ್ತೆ, ಹಸಿ ಇದ್ದರೆ ದಬ್ ಅನ್ನುತ್ತೆ. ಒಣಗಿದ ತುಂಡಿನ ತುದಿಯಲ್ಲಿ ಬಿರುಕು ಕಾಣುತ್ತೆ, ತೊಗಟೆ ಕೈಯಲ್ಲೇ ಕಿತ್ತು ಬರುತ್ತೆ. ತೊಡೆ ಗಾತ್ರದ ದಿಮ್ಮಿ ಇಟ್ಟು ಕೆಳಗೆ ಕಾಗದ ಸುಡೋರಿಗೆ ಎಷ್ಟು ಗಾಳಿಕಿಂಡಿ ಕೊಟ್ಟರೂ ಅಷ್ಟೇ. ಮೊದಲು ಬೆರಳು ಗಾತ್ರದ್ದು, ಆಮೇಲೆ ಮಣಿಕಟ್ಟಿನ ಗಾತ್ರದ್ದು.

ಬೂದಿಬಕೆಟ್:
ಯಾರ ತಪ್ಪು ಅಂತ ಅಲ್ಲೇ ನೋಡಬಹುದಲ್ಲ. ಗುಂಡಿ ತಳದಲ್ಲಿ ಎರಡು ದಪ್ಪ ತುಂಡು ಸಮಾನಾಂತರವಾಗಿ ಇಟ್ಟು ಅದರ ಮೇಲೆ ಬೆಂಕಿ ಒಟ್ಟಿ, ಕೆಳಗೆ ಒಂದು ಕೈ ತೂರುವಷ್ಟು ಸಂದಿ ಬಿಡಿ. ಕೆಲವೇ ನಿಮಿಷದಲ್ಲಿ ಹೊಗೆ ಇಳಿದರೆ ಕೊರತೆ ಗಾಳಿಯದ್ದು. ಇಳಿಯದೆ, ಸೌದೆ ತುದಿಯಲ್ಲಿ ಸುಯ್ ಅಂತ ನೊರೆ ಬಂದರೆ ನೀವು ಹೇಳಿದ್ದೇ ಸರಿ.

ವೆಲ್ಡಿಂಗ್_ಮೇಷ್ಟ್ರು:
ಇಬ್ಬರೂ ಜಾಲರಿಯ ಸುದ್ದಿಯನ್ನೇ ಎತ್ತಿಲ್ಲ. ಅಡುಗೆಗೆ ಅಂತ ಕೂರಿಸಿದ ಕಬ್ಬಿಣದ ಜಾಲರಿ ಕೆಂಡದಿಂದ 40 ಸೆಂ.ಮೀ. ಮೇಲೆ ಇದ್ದರೆ ನೀರು ಕುದಿಯೋ ಹೊತ್ತಿಗೆ ಸೌದೆ ಮುಗಿದಿರುತ್ತೆ. 15ರಿಂದ 20 ಸರಿಯಾದ ಅಂತರ, ಮೂರು ಎತ್ತರಕ್ಕೆ ಸಿಕ್ಕಿಸೋ ಕೊಕ್ಕೆ ಇದ್ದರೆ ಇನ್ನೂ ಒಳ್ಳೇದು. ಮಗುಚುವ ಜಾಲರಿಯ ಕೀಲನ್ನು ಬಿಗಿಯಾಗಿ ಕೂರಿಸಬಾರದು. ಬೂದಿ, ನೀರು, ತುಕ್ಕು ಸೇರಿ ಒಂದು ಮಳೆಗಾಲದಲ್ಲೇ ಕಚ್ಚಿಕೊಳ್ಳುತ್ತೆ. ಆಮೇಲೆ ಯಾರೋ ಕಲ್ಲಲ್ಲಿ ಬಡಿದು ಮುರೀತಾರೆ, ‘ಜನ ಹಾಳುಮಾಡ್ತಾರೆ’ ಅಂತ ಬೋರ್ಡು ಬೀಳುತ್ತೆ! ಕಬ್ಬಿಣದ ರಿಂಗಾದರೆ 5 ಮಿ.ಮೀ. ತಗಡಾದರೂ ಬೇಕು, 2 ಮಿ.ಮೀ.ದು ಕಾದು ಸೊಟ್ಟಗಾಗುತ್ತೆ. ಸತು ಲೇಪದ ಕಬ್ಬಿಣ ಖಂಡಿತ ಬೇಡ. ಸತು 419 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, 907ಕ್ಕೆ ಕುದಿಯುತ್ತೆ. ಅದರ ಹೊಗೆ ಕುಡಿದರೆ ಚಳಿಜ್ವರದ ಥರ ಆಗುತ್ತೆ.

ಗಾರೆಕೈ:
ಕಾಂಕ್ರೀಟನ್ನು ಅಷ್ಟು ಹೀಗಳೆಯಬೇಡಿ. ಜನ ಕಾದ ರಿಂಗಿಗೆ ಬಕೆಟ್ ನೀರು ಎರಚೋದರಿಂದ ಅದು ಒಡೆಯೋದು.

ವೆಲ್ಡಿಂಗ್_ಮೇಷ್ಟ್ರು:
ಬೆಂಕಿ ಆರಿಸೋಕೆ ನೀರು ಹಾಕಿ ಅಂತ ಪಕ್ಕದಲ್ಲೇ ಫಲಕ ನೆಟ್ಟಿರ್ತಾರೆ ಗಾರೆಯವರೇ. ನೀರು ಬೀಳೋ ಜಾಗಕ್ಕೆ ನೀರು ತಡೆಯದ ಮಾಲು ಹಾಕಿದ್ದು ಯಾರು? ನೀರು ಬೀಳದಿದ್ದರೂ ಕಾಂಕ್ರೀಟ್ ಒಳಗಿನ ತೇವ ಆವಿಯಾಗಿ ಮೇಲ್ಪದರ ಚಕ್ಕೆ ಚಕ್ಕೆ ಎದ್ದು ಬರುತ್ತೆ. ಹೊಳೆಯಿಂದ ತಂದ ಉರುಟು ಕಲ್ಲು ಜೋಡಿಸೋದು ಅದಕ್ಕಿಂತ ಅಪಾಯ, ಒಳಗೆ ನೀರು ಸಿಕ್ಕಿಕೊಂಡಿದ್ದರೆ ಸಿಡಿದು ಚೂರು ಹಾರುತ್ತೆ. ಕಾಂಕ್ರೀಟ್ ಬೇಕೇ ಬೇಕು ಅಂದರೆ ಒಳಗೆ ಬೆಂಕಿ ತಾಳೋ ಇಟ್ಟಿಗೆ ಕಟ್ಟಿ, ಇಲ್ಲವೇ ಕಬ್ಬಿಣದ ರಿಂಗ್ ಇಳಿಸಿ ನಡುವೆ ಸಂದಿ ಬಿಡಿ.

ಗಾಲಿಕುರ್ಚಿ_ಗೆಳತಿ:
ಎತ್ತರ 25 ಸಾಕು ಅನ್ನೋ ಮೊದಲು ಕುರ್ಚಿಯಲ್ಲೇ ಕೂತು ಸೌದೆ ಹಾಕೋರನ್ನೂ ನೆನಪಿಟ್ಟುಕೊಳ್ಳಿ. ಅಮೆರಿಕದ ಫೆಡರಲ್ ಕ್ಯಾಂಪ್‌ಗ್ರೌಂಡ್‌ಗಳ ಮಾನದಂಡದಲ್ಲಿ ಬೆಂಕಿ ಒಟ್ಟುವ ತಳವೇ ನೆಲದಿಂದ ಕನಿಷ್ಠ 9 ಇಂಚು ಮೇಲಿರಬೇಕು, ಸುತ್ತ 48 ಇಂಚು ಖಾಲಿ ಜಾಗ ಬೇಕು.

ಬೂದಿಬಕೆಟ್:
ಒಪ್ಪಿದೆ ಮೇಡಂ. ನೀವಂದದ್ದು ತಳ ಎತ್ತರಿಸೋದು. ಕಟ್ಟೋರು ಮಾಡೋದು ತಳ ಅಲ್ಲೇ ಬಿಟ್ಟು ಗೋಡೆ ಮಾತ್ರ ಎತ್ತರಿಸೋದು. ಅದರಿಂದ ಕುರ್ಚಿಯವರಿಗೆ ಇನ್ನೂ ಕಷ್ಟ.

ಗೂಟ_ಸುತ್ತಿಗೆ:
ಗುಂಡಿ ಎಷ್ಟು ಚೆನ್ನಾಗಿದ್ದರೇನು, ಟೆಂಟ್ ಹಾಕೋ ಜಾಗಕ್ಕೆ ಎರಡೇ ಮಾರು ದೂರದಲ್ಲಿ, ಅದೂ ಗಾಳಿ ಬೀಸೋ ಕಡೆ ತಂದು ಇಟ್ಟಿರ್ತಾರೆ. ಒಂದು ಕಿಡಿ ಸಾಕು, ನೈಲಾನ್ ಬಟ್ಟೆಯಲ್ಲಿ ಬಟಾಣಿ ಗಾತ್ರದ ತೂತು. 5 ಮೀಟರಾದರೂ ಬಿಡಬೇಕು, ಮೇಲೆ ಕೊಂಬೆ ಇರಬಾರದು. ಇನ್ನು ಟೆಂಟ್ ಜಾಗಕ್ಕೆ ಜಲ್ಲಿ ಸುರಿದು ರೋಲರ್ ಹೊಡೆದು, ಸುತ್ತ ಮರದ ಚೌಕಟ್ಟು ಕೂರಿಸಿ, ನೀರು ಹೋಗೋಕೆ ದಾರಿ ಬಿಟ್ಟಿರಲ್ಲ. ಮಳೆ ಬಂದರೆ ತೊಟ್ಟಿ. ಒಂದು ಮೀಟರಿಗೆ 2 ಸೆಂ.ಮೀ. ಇಳಿಜಾರು ಸಾಕು, ಮಲಗಿದವರಿಗೆ ಗೊತ್ತೂ ಆಗಲ್ಲ. ರೋಲರ್ ಹೊಡೆದ ಜಲ್ಲಿ ನೆಲಕ್ಕೆ ಟೆಂಟಿನ ಜೊತೆ ಬರೋ ತೆಳು ಅಲ್ಯೂಮಿನಿಯಂ ಗೂಟ ಬಗ್ಗುತ್ತೆ. 25 ಸೆಂ.ಮೀ. ಉಕ್ಕಿನ ಮೊಳೆ, ತಲೆಗೆ ಒಂದು ವಾಷರ್, ಒಂದು ಕೆಜಿ ಸುತ್ತಿಗೆ. ಬೇರೆ ದಾರಿ ಇಲ್ಲ.

ನಿದ್ದೆಗೇಡಿ:
ಕಟ್ಟೋರಿಗೆ ಬೈದದ್ದು ಸಾಕು, ಬಳಸೋರ ಕಡೆಗೂ ಬನ್ನಿ. ಗುಂಡಿ ಕೆದಕಿದರೆ ಸಿಗೋದೇನು? ಬಾಟಲಿ ಚೂರು, ಹಲಗೆಯಿಂದ ಉದುರಿದ ಮೊಳೆ, ಅಲ್ಯೂಮಿನಿಯಂ ಹಾಳೆ. ಹಾಳೆ ‘ಸುಟ್ಟುಹೋಯ್ತು’ ಅಂದ್ಕೊಳ್ತಾರೆ. ಅಲ್ಯೂಮಿನಿಯಂ ಕರಗೋದೇ 660 ಡಿಗ್ರಿಗೆ. ಕರಗಿದರೆ ಗಟ್ಟಿ ಉಂಡೆ, ಇಲ್ಲದಿದ್ದರೆ ಪುಡಿ, ಎರಡೂ ಬೂದಿಯಲ್ಲೇ ಉಳಿಯುತ್ತೆ. ಬೂದಿ ತೆಗೆಯೋರಿಲ್ಲದೆ ತುಂಬಿ ತುಂಬಿ, 30 ಸೆಂ.ಮೀ. ಗುಂಡಿಯಲ್ಲಿ 10 ಉಳಿಯುತ್ತೆ. ನಿಮ್ಮ ಎಂಟು ತೂತೂ ಮುಚ್ಚಿರುತ್ತೆ, ಸೌದೆ ಅಂಚಿನ ಮೇಲೆ ಕೂತು ಕೊಳ್ಳಿ ಹೊರಗೆ ಉರುಳುತ್ತೆ. ಶೌಚಾಲಯದಲ್ಲೂ ಇದೇ ಕಥೆ. ಗುಂಡಿಗೆ ಬಟ್ಟೆ, ಡಯಾಪರ್ ಎಸೆದರೆ ಖಾಲಿ ಮಾಡೋ ಲಾರಿಯ ಪೈಪು ಕಟ್ಟಿಕೊಳ್ಳುತ್ತೆ, ನಾತ ಎಲ್ಲರಿಗೂ.

ಒಣಸೌದೆ:
ಬೆಳಿಗ್ಗೆ ಹೊರಡುವಾಗ ಮಣ್ಣು ಮುಚ್ಚಿ ಹೋಗೋರನ್ನೂ ಸೇರಿಸಿ.

ಗಾರೆಕೈ:
ಮಣ್ಣು ಹಾಕಿದರೆ ತಪ್ಪೇನು? ಗಾಳಿ ನಿಂತರೆ ಬೆಂಕಿ ಸಾಯುತ್ತಲ್ಲ.

ಒಣಸೌದೆ:
ಸಾಯಲ್ಲ, ಮಲಗುತ್ತೆ. ಮಣ್ಣಿನ ಕೆಳಗೆ ಕೆಂಡ ಮರುದಿನದವರೆಗೂ ಬಿಸಿ ಹಿಡಿದಿರುತ್ತೆ. ಬರಿಗಾಲಲ್ಲಿ ಮಗು ಹೆಜ್ಜೆ ಇಟ್ಟರೆ ಮುಗೀತು. ತಳದಲ್ಲಿ ಬೇರು ಹಾದಿದ್ದರೆ ಅದರ ಗುಂಟ ನೆಲದೊಳಗೇ ಕನಲುತ್ತಾ ಹೋಗುತ್ತೆ. ಗುಂಡಿ ತೋಡುವಾಗ ಬೇರು, ಎಲೆಗೊಬ್ಬರ ಎಲ್ಲ ತೆಗೆದು 10–15 ಸೆಂ.ಮೀ. ಜಲ್ಲಿ ಹಾಕೋದು ಅದಕ್ಕೇ. ಆರಿಸೋಕೆ ನೀರೇ ಬೇಕು. ಗಾಳಿ ಬರೋ ಕಡೆ ನಿಂತು ನಿಧಾನಕ್ಕೆ ಸುರಿಯಿರಿ, ಒಮ್ಮೆಗೇ ಸುರಿದರೆ ಬಿಸಿ ಆವಿ, ಬೂದಿ ಎರಡೂ ಮುಖಕ್ಕೆ ಹೊಡೆಯುತ್ತೆ. ಕೋಲಲ್ಲಿ ಕಲಕಿ, ಅರ್ಧ ಸುಟ್ಟ ತುಂಡುಗಳನ್ನು ಮಗುಚಿ, ಮತ್ತೆ ಸುರಿಯಿರಿ. ಸುಯ್ ಅನ್ನೋ ಸದ್ದು ನಿಂತ ಮೇಲೆ ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ, ಬಿಸಿ ತಾಗದಿದ್ದರೆ ಆಮೇಲೆ ಮುಟ್ಟಿ.

ವೆಲ್ಡಿಂಗ್_ಮೇಷ್ಟ್ರು:
ಎಷ್ಟು ನೀರು ಅಂತಲೂ ಹೇಳಿ, ಜನ ಒಂದು ಲೀಟರ್ ಬಾಟಲಿ ಚಿಮುಕಿಸಿ ಎದ್ದು ಹೋಗ್ತಾರೆ.

ಒಣಸೌದೆ:
ಸಂಜೆಯಿಡೀ ಉರಿದ ಗುಂಡಿಗೆ ಒಂದು ಬಕೆಟ್ ಸಾಲಲ್ಲ, ಎರಡು ಪಕ್ಕದಲ್ಲಿಟ್ಟುಕೊಂಡೇ ಬೆಂಕಿ ಹಚ್ಚಬೇಕು. ರಿಂಗಿನ ಒಳ ಅಂಚಿಗೆ ಅಂಟಿದ ಕೆಂಡವನ್ನು ಕೋಲಿನಿಂದ ಕೆರೆದು ನಡುವಿಗೆ ಎಳೆಯಿರಿ, ಸುಮಾರು ಜನ ಬಿಟ್ಟುಹೋಗೋದು ಅದನ್ನೇ.