ಅಪ್‌ಡೇಟ್: ಹೋಟೆಲ್ ಕೆಲಸಗಾರರ ಒಂಟಿತನ, ಐಪಿಎ ಬದಲು ಥೀಮ್ಯಾಟಿಕ್ ಅನಾಲಿಸಿಸ್

ಮುಂಬೈನ ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರ ಒಂಟಿತನದ ಬಗ್ಗೆ ಎಂ.ಎ. ಸೈಕಾಲಜಿ ಡಿಸರ್ಟೇಶನ್‌ಗೆ ಐಪಿಎ (ಇಂಟರ್‌ಪ್ರಿಟೇಟಿವ್ ಫಿನಾಮಿನಲಾಜಿಕಲ್ ಅನಾಲಿಸಿಸ್: ಒಬ್ಬೊಬ್ಬರು ತಮ್ಮ ಅನುಭವಕ್ಕೆ ಕೊಡುವ ಅರ್ಥವನ್ನು ಹುಡುಕುವ ವಿಧಾನ) ಸರಿಯೋ ಥೀಮ್ಯಾಟಿಕ್ ಅನಾಲಿಸಿಸ್ (ಹಲವರ ಮಾತಿನಲ್ಲಿ ಮರುಕಳಿಸುವ ಅರ್ಥಗಳನ್ನು, ಅಂದರೆ ಥೀಮ್‌ಗಳನ್ನು, ಗುರುತಿಸುವ ವಿಧಾನ) ಸರಿಯೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಎರಡನೆಯದೇ ಗಟ್ಟಿಯಾಯಿತು.

ಐಪಿಎಗೆ ಒಂದೇ ಬಗೆಯ ಅನುಭವವಿರುವ ಕೆಲವೇ ಜನ, ಒಬ್ಬೊಬ್ಬರ ಮಾತನ್ನೂ ಆಳವಾಗಿ ನೋಡುವಷ್ಟು ದೀರ್ಘ ಸಂದರ್ಶನ ಬೇಕು. ಇಲ್ಲಿ ಸಿಗುವುದು ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವು. ಸಪ್ಲೈಯರ್, ಅಡುಗೆ ಭಟ್ಟರು, ಕ್ಯಾಶಿಯರ್ ಅನುಭವಗಳೂ ಬೇರೆ ಬೇರೆ. ಸಂಶೋಧಕರಾದ ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲಿ ಕೊಟ್ಟ ಥೀಮ್ಯಾಟಿಕ್ ಅನಾಲಿಸಿಸ್‌ನ 6 ಹಂತಗಳ ವಿಧಾನ ಇಂಥ ಡೇಟಾಗೆ ಒಗ್ಗುತ್ತದೆ.

ಹೆಚ್ಚು ಎಡವುವುದು ಕೋಡಿಂಗ್‌ನಲ್ಲಿ, ಅಂದರೆ ಮಾತಿನ ತುಣುಕುಗಳಿಗೆ ಅರ್ಥ ಹೇಳುವ ಚಿಕ್ಕ ಹೆಸರು ಕೊಡುವಲ್ಲಿ. “ಜ್ವರ ಇದ್ರೂ ಫೋನಲ್ಲಿ ಅಮ್ಮಂಗೆ ಆರಾಮಿದ್ದೀನಿ ಅಂತಲೇ ಹೇಳೋದು” ಎಂಬಂಥ ಸಾಲಿಗೆ ‘ಕುಟುಂಬ’ ಎಂದು ಕೋಡ್ ಕೊಟ್ಟರೆ ಅದು ಬರೀ ವಿಷಯಸೂಚಿ. ‘ಮನೆಯವರಿಂದ ಕಷ್ಟ ಮುಚ್ಚಿಡುವುದು’ ಎಂದರೆ ಮೂಲ ಸಾಲು ಎದುರಿಗಿಲ್ಲದಿದ್ದರೂ ಅರ್ಥ ಉಳಿಯುತ್ತದೆ. ಥೀಮ್‌ಗಳ ಕತೆಯೂ ಅಷ್ಟೇ: ಸಂದರ್ಶನದ ಪ್ರಶ್ನೆಗಳೇ ಥೀಮ್‌ಗಳ ಹೆಸರಾಗಿ ಕೂತಿದ್ದರೆ ವಿಶ್ಲೇಷಣೆ ಇನ್ನೂ ಆಗಿಲ್ಲ ಎಂದೇ ಲೆಕ್ಕ.

ಒಂದು ಗಂಟೆ ಆಡಿಯೋ ಅಕ್ಷರಕ್ಕಿಳಿಸಲು 4ರಿಂದ 6 ಗಂಟೆ ಇಟ್ಟುಕೊಳ್ಳಿ. ತಟ್ಟೆ ಲೋಟದ ಸದ್ದಿದ್ದರೆ ಇನ್ನೂ ಜಾಸ್ತಿ. ನಡುವೆ ನುಸುಳುವ ಹಿಂದಿ, ಮರಾಠಿ ಹಾಗೇ ಇರಲಿ. ಕೋಡಿಂಗ್ ಪೂರ್ತಿ ಕನ್ನಡದಲ್ಲೇ. ವರದಿಗೆ ಆಯ್ದ ಮಾತುಗಳಷ್ಟೇ ಇಂಗ್ಲಿಷಿಗೆ.

ಒಪ್ಪಿಗೆ ಪತ್ರಕ್ಕೆ ಮಾಲೀಕರ ಮೂಲಕ ಸಹಿ ಹಾಕಿಸಬೇಡಿ, ಹುಡುಗರು ಬೇಡ ಎನ್ನಲಾರರು. ವರದಿಯಲ್ಲಿ ಹೆಸರು ಬದಲಿಸಿದರೆ ಸಾಲದು, ಹೋಟೆಲ್ ಮತ್ತು ಊರಿನ ಗುರುತೂ ಹೋಗಬೇಕು. ಮಾಟುಂಗಾದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.