ಖಾಲಿ ನಿವೇಶನದ ಮಾಂಸ ತ್ಯಾಜ್ಯ ಮತ್ತು ಯಲಹಂಕ ವಾಯುನೆಲೆ: ಮನವಿಯ ಕರಡಿಗೆ ಸಲಹೆಗಳು

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಉದ್ಯಾನದ ಹಿಂದಿನ ಖಾಲಿ ನಿವೇಶನದಲ್ಲಿ ರಾತ್ರಿ ಹೊತ್ತು ಕೋಳಿ ತ್ಯಾಜ್ಯದ ಚೀಲಗಳನ್ನು ಎಸೆದು ಹೋಗುವುದು ಮತ್ತೆ ಶುರುವಾಗಿದೆ. ಬೆಳಗಾಗುವಷ್ಟರಲ್ಲಿ ನಾಯಿಗಳು ಚೀಲಗಳನ್ನು ಹರಿದಿರುತ್ತವೆ, ಬಿಸಿಲೇರುತ್ತಿದ್ದಂತೆ ಹದ್ದುಗಳು ಸುತ್ತತೊಡಗುತ್ತವೆ. ಏರೋ ಇಂಡಿಯಾ ಸಮಯದಲ್ಲಿ ಸ್ವಚ್ಛವಾಗಿದ್ದ ಜಾಗ ಪ್ರದರ್ಶನ ಮುಗಿದ ಮೇಲೆ ಮೊದಲಿನಂತಾಗಿದೆ. ಮನವಿಯ ಕರಡನ್ನು ಓದಿ ಸಲಹೆ ನೀಡಬೇಕಾಗಿ ವಿನಂತಿ.

ಎರಡನೇ ಅಡ್ಡರಸ್ತೆಯ ನಿವೃತ್ತ ವಾಯುಸೈನಿಕರು:
ಕಾರ್ಯದರ್ಶಿಗಳೇ, ದುರ್ವಾಸನೆ, ನೊಣ ಎಂದಷ್ಟೇ ಬರೆದರೆ ನಮ್ಮ ಪತ್ರವೂ ಹತ್ತರಲ್ಲಿ ಹನ್ನೊಂದನೆಯದಾಗಿ ಕಡತ ಸೇರುತ್ತದೆ. ಪಕ್ಕದ ನೆಲೆಯಲ್ಲಿ ವರ್ಷವಿಡೀ ನಡೆಯುವ ಕೆಲಸವೇನು ಎಂಬುದನ್ನು ಮೊದಲು ಹೇಳಬೇಕು. 1962ರ ಚೀನಾ ಯುದ್ಧದ ಮರುವರ್ಷ ಆರಂಭವಾದ ಈ ವಾಯುನೆಲೆಯನ್ನು ಜನ ಏರೋ ಇಂಡಿಯಾದಿಂದ ಗುರುತಿಸುತ್ತಾರಾದರೂ, ಆ ಪ್ರದರ್ಶನ ಮೊದಲು ನಡೆದದ್ದು 1996ರಲ್ಲಿ; ಅದೂ ಎರಡು ವರ್ಷಕ್ಕೊಮ್ಮೆ, ಐದು ದಿನ. ಉಳಿದಂತೆ ಇದು ಸಾರಿಗೆ ವಿಮಾನಗಳ ಪೈಲಟ್‌ಗಳು ಪಳಗುವ ಜಾಗ. ಎಎನ್-32, ಡಾರ್ನಿಯರ್‌ನಂಥ ಅವಳಿ ಎಂಜಿನ್ ವಿಮಾನಗಳ ಸದ್ದು ನಮ್ಮ ಮಕ್ಕಳಿಗೂ ಪರಿಚಿತ. ತರಬೇತಿಯಲ್ಲಿ ರನ್‌ವೇಯಿಂದ ಮೇಲೇರಿ, ಸುತ್ತು ಹಾಕಿ ಬಂದು, ಚಕ್ರಗಳನ್ನು ನೆಲಕ್ಕೆ ತಾಗಿಸಿ ಮತ್ತೆ ಮೇಲೇರುವ ಸರ್ಕ್ಯೂಟ್ ಅಭ್ಯಾಸವನ್ನು ಪದೇ ಪದೇ ಮಾಡಬೇಕಾಗುವುದರಿಂದ, ವಿಮಾನವು ಬಹಳ ಹೊತ್ತು ಹದ್ದುಗಳು ಹಾರಾಡುವ ಎತ್ತರದಲ್ಲೇ ಇರುತ್ತದೆ. ನೆಲ ಕಾದಾಗ ಮೇಲೇಳುವ ಬಿಸಿಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆಯೇ ಮೇಲೇರುವ ಹದ್ದು ಎಂಜಿನ್‌ಗೋ ಮುಂಗಾಜಿಗೋ ಬಡಿದರೆ, ಕಲಿಯುತ್ತಿರುವ ಪೈಲಟ್‌ಗೆ ಸಾವರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ನಾಲ್ಕನೇ ಮುಖ್ಯರಸ್ತೆಯ ನಿವಾಸಿ:
ಸರ್, ಒಪ್ಪುತ್ತೇನೆ. ಆದರೆ ಮಾಂಸದಂಗಡಿಗಳನ್ನೇ ಮುಚ್ಚಿಸಿ ಎಂಬ ಕರಡಿನ ಸಾಲನ್ನು ತೆಗೆಯಬೇಕು. 2023ರ ಪ್ರದರ್ಶನಕ್ಕೆ 10 ಕಿಲೋಮೀಟರ್, 2025ರದಕ್ಕೆ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ನಿಷೇಧಿಸಿದಾಗ, ಸಣ್ಣ ಅಂಗಡಿಯವರು ವಾರಗಟ್ಟಲೆ ವ್ಯಾಪಾರ ಕಳೆದುಕೊಂಡರು. ಹದ್ದು ಬರುವುದು ಎಸೆದ ಕರುಳಿಗೇ ಹೊರತು ಮಾರಿದ ಮಾಂಸಕ್ಕಲ್ಲ.

ನಿವೃತ್ತ ವಾಯುಸೈನಿಕರು:
ಸರಿಯಾದ ಮಾತು. 1937ರ ವಿಮಾನ ನಿಯಮಾವಳಿಯ 91ನೇ ನಿಯಮವು ವಿಮಾನ ನಿಲ್ದಾಣದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪ್ರಾಣಿವಧೆಯನ್ನು ನಿರ್ಬಂಧಿಸುವುದರ ಜೊತೆಗೆ, ಹಕ್ಕಿಗಳನ್ನು ಸೆಳೆಯುವಂಥ ಕಸ ಸುರಿಯುವುದನ್ನೂ ನಿಷೇಧಿಸುತ್ತದೆ. ಹೋಟೆಲು, ಮಾಂಸದಂಗಡಿ, ಮೀನಂಗಡಿಗಳ ತ್ಯಾಜ್ಯವನ್ನು ಹೆಸರಿಸಿಯೇ ಹೇಳಿದೆ. ನಮ್ಮ ಮನವಿ ಈ ಕಸದ ಭಾಗಕ್ಕೆ ಮೀಸಲಾಗಿರಲಿ.

ಕಾರ್ಯದರ್ಶಿ:
ಹಾಗೆಯೇ ತಿದ್ದುತ್ತೇನೆ. ಮಾಂಸ ತ್ಯಾಜ್ಯಕ್ಕೆ ಪ್ರತಿ ಸಂಜೆ ಪ್ರತ್ಯೇಕ ಗಾಡಿ, ನಿವೇಶನದ ಮಾಲೀಕರಿಂದ ಬೇಲಿ, ಮೂಲೆಯ ಕಂಬಕ್ಕೆ ದೀಪ, ಇವು ಮೂರನ್ನೂ ವರ್ಷಪೂರ್ತಿ ಕೇಳೋಣ; ಒಂದು ಪ್ರತಿ ವಾಯುನೆಲೆಗೂ ಹೋಗಲಿ. ಅಂಗಡಿಯವರನ್ನು ಭಾನುವಾರದ ಸಭೆಗೆ ನಾನೇ ಕರೆಯುತ್ತೇನೆ. ಕಸದ ಫೋಟೊ ಕಳುಹಿಸುವವರು ದಿನಾಂಕ ನಮೂದಿಸಿ. ವಾಯುನೆಲೆಯ ಗೋಡೆಯಾಗಲಿ ವಿಮಾನಗಳಾಗಲಿ ಚಿತ್ರದಲ್ಲಿ ಬೀಳದಂತೆ ದಯವಿಟ್ಟು ನೋಡಿಕೊಳ್ಳಿ.